ಬಗ್ಗದ ಹಾಸಿಗೆ

"ಈ ಮನೆಯ ನಿದ್ದೆಯ ಖಾತೆಯನ್ನು ಇವತ್ತಿನಿಂದ ನಾನೇ ವಹಿಸಿಕೊಂಡಿದ್ದೇನೆ!"

ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ನಾನು ಹೀಗೆಂದು ಘೋಷಿಸಿದೆ. ಘೋಷಿಸುವುದು ನನಗೇನೂ ಹೊಸದಲ್ಲ ಬಿಡಿ. ಹೊಟ್ಟೆಪಾಡೇ ಅದು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಎಲ್ಲಿಗೆ ಹೊರಡುತ್ತದೆ ಎಂದು ಸಾರುವವನು ನಾನು. ನಾನು ಬಾಯಿ ತೆಗೆದರೆ ನೂರಾರು ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ಮನೆಯಲ್ಲಿ ಬಾಯಿ ತೆಗೆದರೆ ಮಾತ್ರ ಒಂದು ತಲೆಯೂ ಮೇಲೇಳುವುದಿಲ್ಲ. ಇರುವುದೇ ಒಂದು ತಲೆ, ಅದು ನನ್ನ ಹೆಂಡತಿಯದು. ಅದು ಯಾವಾಗಲೂ ಹೊಲಿಗೆ ಮೆಷಿನ್ನಿನ ಮೇಲೆ ಬಗ್ಗಿರುತ್ತದೆ.

"ಅಳತೆ ತಗೊಂಡ್ರಾ?" ಎಂದಳು, ಮೆಷಿನ್ನು ನಿಲ್ಲಿಸದೆ.

ನೋಡಿ, ಇದೇ ಅವಳ ಜೊತೆ ಬಾಳುವ ಕಷ್ಟ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಟೇಪು ಕೊರಳಲ್ಲೇ ನೇತಾಡುತ್ತಿರಬೇಕು. ಪ್ರಪಂಚದ ಯಾವ ಸಮಸ್ಯೆಯನ್ನೇ ಹೇಳಿ, ಅವಳ ಮೊದಲ ಪ್ರಶ್ನೆ ಅದೇ, ಅಳತೆ ತಗೊಂಡ್ರಾ!

ನಮ್ಮ ಸಮಸ್ಯೆಗೆ ಅಳತೆ ಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ನಮ್ಮ ಹಳೆಯ ಹತ್ತಿ ಹಾಸಿಗೆಯ ನಟ್ಟನಡುವೆ ಒಂದು ಗುಂಡಿ. ಅದನ್ನು ಗುಂಡಿ ಅಂದರೆ ಅವಮಾನ, ಕಣಿವೆ ಅನ್ನಬೇಕು. ರಾತ್ರಿ ನಾವಿಬ್ಬರೂ ಮರ್ಯಾದಸ್ಥರ ಹಾಗೆ ಆ ದಡದಲ್ಲೊಬ್ಬರು ಈ ದಡದಲ್ಲೊಬ್ಬರು ಮಲಗುತ್ತಿದ್ದೆವು. ಬೆಳಗಾಗುವಾಗ ಇಬ್ಬರೂ ಕಣಿವೆಯ ತಳದಲ್ಲಿ! ನನ್ನ ಮೊಣಕೈ ಅವಳ ಪಕ್ಕೆಯಲ್ಲಿ, ಅವಳ ಮೊಣಕಾಲು ನನ್ನ ಸೊಂಟದಲ್ಲಿ. ಅವಳಿಗೆ ಅದರಿಂದ ತೊಂದರೆ ಇರಲಿಲ್ಲ. ಅವಳು ಕಲ್ಲಿನ ಮೇಲೆ ಮಲಗಿಸಿದರೂ ನಿದ್ದೆ ಹೊಡೆಯುವ ಪುಣ್ಯವಂತೆ. ನಾನು ಮಾತ್ರ ಗುಂಡಿಯಲ್ಲಿ ಬಿದ್ದುಕೊಂಡು ಸೂರು ನೋಡುತ್ತಾ ರಾತ್ರಿ ಕಳೆಯುತ್ತಿದ್ದೆ.

ಅದರ ಫಲ ಉಣ್ಣಬೇಕಾಗಿ ಬಂದದ್ದು ನಿಲ್ದಾಣದಲ್ಲಿ. ಹೋದ ವಾರ ಮೈಕು ಹಾಕಿ, "ಪ್ರಯಾಣಿಕರ ಗಮನಕ್ಕೆ" ಎಂದೆ. ಅಷ್ಟೇ ನೆನಪು. ಆಮೇಲೆ ಪ್ರಯಾಣಿಕರ ಗಮನಕ್ಕೆ ಬಂದದ್ದು ನನ್ನ ಗೊರಕೆ! ಇಡೀ ನಿಲ್ದಾಣದಲ್ಲಿ ಮೊಳಗಿತಂತೆ. ಯಾವುದೋ ಬಸ್ಸು ಎಂಜಿನ್ ಹಚ್ಚಿತು ಅಂದುಕೊಂಡು ಜನ ಮಕ್ಕಳುಮರಿ ಎತ್ತಿಕೊಂಡು ಖಾಲಿ ಅಂಕಣಕ್ಕೆ ನುಗ್ಗಿದರಂತೆ.

ನಮ್ಮ ಸಾಹೇಬರು ಕರೆಸಿದರು. ಅವರು ಕೂಗುವವರಲ್ಲ, ಅದೇ ಭಯ. ಮೆತ್ತಗೆ ಹೇಳಿದರು, "ನೋಡಿ, ಧ್ವನಿ ಚೆನ್ನಾಗಿದೆ ಅಂತ ಇಟ್ಕೊಂಡಿದ್ದೀನಿ. ಇನ್ನೊಂದು ಸಲ ನಿಮ್ಮ ಹೆಸರಿನ ಜೊತೆ ನಿದ್ದೆ ಅನ್ನೋ ಮಾತು ನನ್ನ ಕಿವಿಗೆ ಬಿದ್ರೆ, ಮೈಕು ಬೇರೆಯವರಿಗೆ, ನೀವು ಲಗೇಜು ರೂಮಿಗೆ."

ಲಗೇಜು ರೂಮು! ಅಲ್ಲಿ ಮಾತಾಡುವುದೇ ಬೇಕಿಲ್ಲ. ಪೆಟ್ಟಿಗೆ ತಗೋ, ಚೀಟಿ ಕೊಡು, ಪೆಟ್ಟಿಗೆ ಕೊಡು, ಚೀಟಿ ತಗೋ. ಆ ಮೈಕು ನನ್ನ ಪ್ರಾಣ ಕಣ್ರೀ. ಮನೆಯಲ್ಲಿ ಯಾರೂ ಕೇಳದ ಈ ಬಾಯಿಗೆ ಜಗತ್ತಿನಲ್ಲಿ ಇರುವ ಒಂದೇ ಒಂದು ಮರ್ಯಾದೆ ಅದು. ಅದನ್ನು ಉಳಿಸಿಕೊಳ್ಳಲಿಕ್ಕೆ ಒಳ್ಳೆಯ ನಿದ್ದೆ ಬೇಕು, ನಿದ್ದೆಗೆ ಒಳ್ಳೆಯ ಹಾಸಿಗೆ ಬೇಕು. ಹಾಗಾಗಿಯೇ ಆ ಘೋಷಣೆ.

"ನಾನೂ ಬರ್ತೀನಿ ಇರಿ," ಅಂದಳು. "ಇಲ್ಲಾಂದ್ರೆ ಟೇಪಾದ್ರೂ ತಗೊಂಡು ಹೋಗಿ. ಮಂಚ, ಬಾಗಿಲು, ಮೆಟ್ಟಿಲು ಎಲ್ಲಾ ಅಳ್ಕೊಂಡು ಹೋಗಿ."

"ಮಂಚ ಅಳೆದಿದ್ದೀನಿ, ಸಾಕು. ಮೆಟ್ಟಿಲು ಯಾಕೆ ಅಳೀಲಿ? ನಾನೇನು ಮೆಟ್ಟಿಲ ಮೇಲೆ ಮಲಗ್ತೀನಾ?"

"ಒಂದು ಮಾತಿಗೆ ಹೇಳಿದೆಪ್ಪಾ."

"ಹಾಸಿಗೆ ಆರಿಸೋಕೆ ಬೇಕಾಗಿರೋದು ಬೆನ್ನು ಕಣೇ, ಟೇಪಲ್ಲ!" ಎಂದು ಎದ್ದು ಹೊರಟೆ. ಎಂಥ ಡೈಲಾಗು! ಬೀದಿ ತಿರುಗುವವರೆಗೂ ನನಗೆ ನಾನೇ ಮೆಚ್ಚಿಕೊಂಡೆ.

ಅಂಗಡಿಯವನು ನಯವಿನಯದ ಮನುಷ್ಯ. "ಮಲಗಿ ನೋಡಿ ಸಾರ್, ಸಂಕೋಚ ಬೇಡ," ಎಂದ. ಸಂಕೋಚವಿದ್ದದ್ದು ನನ್ನ ಕಾಲ್ಚೀಲಕ್ಕೆ, ಹೆಬ್ಬೆರಳ ಹತ್ತಿರ ತೂತಿತ್ತು. ಆದರೂ ಬೂಟು ಕಳಚಿ ಮೊದಲನೆಯದರ ಮೇಲೆ ಮಲಗಿದೆ. ಮಲಗಿದೆ ಅನ್ನುವುದಕ್ಕಿಂತ ಮುಳುಗಿದೆ. ಅದು ನನ್ನನ್ನು ಕಿವಿಯವರೆಗೂ ನುಂಗಿಬಿಟ್ಟಿತು. ಅಂಗಡಿಯವನು ಎರಡೂ ಕೈ ಹಿಡಿದು ಎಳೆದು ಹೊರತೆಗೆಯಬೇಕಾಯಿತು. ಎರಡನೆಯದು ಸ್ಪ್ರಿಂಗಿನದು. ನಾನು ಎಡಕ್ಕೆ ಹೊರಳಿದರೆ ಅದು ನನ್ನನ್ನು ಬಲಕ್ಕೆ ಎಸೆಯುತ್ತಿತ್ತು. ಅಂಥ ಹಟದ ಪ್ರಾಣಿ ನಮ್ಮ ಮನೆಯಲ್ಲಿ ಆಗಲೇ ಒಂದಿದೆಯಲ್ಲ, ಬೇಡ ಅಂದೆ.

"ನನಗೆ ಗುಂಡಿ ಬೀಳದ ಹಾಸಿಗೆ ಬೇಕು. ಬಗ್ಗಲೇಬಾರದು!"

ಅಂಗಡಿಯವನ ಮುಖ ಅರಳಿತು. "ಹಾಗಾದ್ರೆ ಇದು ನೋಡಿ ಸಾರ್. ತೆಂಗಿನ ನಾರು, ಮೇಲೆ ಕೆಳಗೆ ರಬ್ಬರು. ಆನೆ ಮಲಗಿ ಎದ್ರೂ ಬಗ್ಗಲ್ಲ. ಮಡಚೋಕೆ ಹೋದ್ರೆ ನೀವೇ ಮಡಚಿಕೊಳ್ತೀರಿ!"

"ಭೇಷ್!"

"ಇನ್ನೊಂದು ವಿಶೇಷ ಇದೆ. ನೀವು ಈ ಕಡೆ ಮಲಗಿ, ಕಣ್ಣು ಮುಚ್ಚಿ." ಮುಚ್ಚಿದೆ. "ಏನಾದ್ರೂ ಗೊತ್ತಾಯ್ತಾ?" ಎಂದ. ಕಣ್ಣು ಬಿಟ್ಟು ನೋಡಿದರೆ ಆ ಮಹಾನುಭಾವ ಹಾಸಿಗೆಯ ಇನ್ನೊಂದು ತುದಿಯಲ್ಲಿ ನಿಂತು ಕುಪ್ಪಳಿಸುತ್ತಿದ್ದಾನೆ! ನನಗೆ ಒಂಚೂರೂ ಅಲುಗಿದ ಅನುಭವವಿಲ್ಲ.

"ಆ ಕಡೆ ಮನೆಯವರು ಗುದ್ದಾಡಿದ್ರೂ ಈ ಕಡೆ ನಿಮಗೆ ಗೊತ್ತಾಗಲ್ಲ ಸಾರ್."

"ಕಳಿಸಿಬಿಡಿ!" ಎಂದೆ. ಇದಕ್ಕಿಂತ ಹೆಚ್ಚಿನದನ್ನು ಯಾವ ಗಂಡಸು ತಾನೇ ಕೇಳುತ್ತಾನೆ?

ಮರುದಿನ ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಬಂತು. ನನ್ನ ಪಾಳಿ ಇದ್ದದ್ದು ಎರಡು ಗಂಟೆಗೆ, ಬೇಕಾದಷ್ಟು ಸಮಯವಿತ್ತು. ಹಾಕಿಕೊಂಡಿದ್ದ ಬನಿಯನ್-ಚಡ್ಡಿಯಲ್ಲೇ ರಾಜಗಾಂಭೀರ್ಯದಿಂದ ಮೆಟ್ಟಿಲಿಳಿದು ಬಂದೆ. ನಮ್ಮದು ಮೊದಲನೇ ಮಹಡಿ. ಮೆಟ್ಟಿಲು ಅರ್ಧ ಹತ್ತಿದ ಮೇಲೆ ಒಂದು ತಿರುವು. ಹೆಂಡತಿ ಮೇಲೆ ಬಾಗಿಲಲ್ಲಿ ಟೇಪು ಹಾಕಿಕೊಂಡು ನಿಂತಿದ್ದಳು.

ತಂದವರು ಇಬ್ಬರು, ಒಬ್ಬ ಉದ್ದ, ಒಬ್ಬ ಕುಳ್ಳ. ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೆಳಗಿನಿಂದ ಹತ್ತಿಸತೊಡಗಿದರು. ನಾನು ಹಿಂದೆ ನಿಂತು ನನ್ನ ನಿಲ್ದಾಣದ ಧ್ವನಿಯಲ್ಲಿ ಅಪ್ಪಣೆ ಕೊಡುತ್ತಿದ್ದೆ.

"ಸ್ವಲ್ಪ ಎಡಕ್ಕೆ! ಈಗ ಬಲಕ್ಕೆ! ಒತ್ತಿ!"

ತಿರುವಿಗೆ ಬಂದದ್ದೇ ಹಾಸಿಗೆ ನಿಂತಿತು. ಕುಳ್ಳ ಹೇಳಿದ, "ಸಾರ್, ಇದು ಬಗ್ಗಲ್ಲ."

"ಬಗ್ಗಲ್ಲ ಅಂತಲೇ ತಗೊಂಡಿದ್ದು!"

"ಬಗ್ಗದೆ ತಿರುಗಲ್ಲ ಸಾರ್. ವಾಪಸ್ ಇಳಿಸೋಣ."

"ಇಟ್ಟ ಹೆಜ್ಜೆ ಹಿಂದಿಡೋ ಮಾತೇ ಇಲ್ಲ. ಒತ್ತಿ!"

ಒತ್ತಿದರು. ನಾನೂ ಭುಜ ಕೊಟ್ಟೆ. ಏನೋ ಕೀರ್ ಅಂದಿತು. ಹಾಸಿಗೆಯ ಒಂದು ಪಕ್ಕ ಗೋಡೆಗೆ, ಇನ್ನೊಂದು ಪಕ್ಕ ಕಂಬಿಗೆ, ಮೇಲಿನ ತುದಿ ಚಾವಣಿಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಈಗ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಉದ್ದನೆಯವನು ಬೆವರು ಒರೆಸಿಕೊಂಡು, "ಇನ್ನೊಂದು ಮನೆಗೆ ಮಾಲು ಇಳಿಸೋದಿದೆ, ಸಂಜೆ ಹಗ್ಗ ತಗೊಂಡು ಬರ್ತೀವಿ," ಅಂದ. ಇಬ್ಬರೂ ಗಾಡಿ ಹತ್ತಿ ಮಾಯವಾದರು.

ಹಾಸಿಗೆಯ ಈ ಕಡೆ ನಾನು. ಆ ಕಡೆ ಹೆಂಡತಿ, ನನ್ನ ಯೂನಿಫಾರ್ಮು, ನನ್ನ ಫೋನು, ನನ್ನ ಊಟ.

ಕಂಬಿಯ ಸಂದಿಯಿಂದ ಸಣ್ಣಗೆ ಅವಳ ಧ್ವನಿ ಬಂತು. "ರೀ, ಅಳತೆ ತಗೊಂಡಿದ್ರಾ?"

"ಸುಮ್ನಿರೇ!"

"ಯೂನಿಫಾರ್ಮು ಕಿಟಕಿಯಿಂದ ಎಸೀತೀನಿ, ಹಾಕ್ಕೊಂಡು ಹೊರಡಿ. ಹೊತ್ತಾಗ್ತಿದೆ. ಇವತ್ತು ತಡ ಆದ್ರೆ ನಿಮ್ಮ ಸಾಹೇಬ್ರು ಬಿಡ್ತಾರಾ?"

"ಏನಂದೆ? ಬೀದಿ ಜನ ನೋಡ್ತಿರೋವಾಗ ನನ್ನ ಪ್ಯಾಂಟು ಆಕಾಶದಿಂದ ಇಳಿಯೋದಾ? ಐದು ನಿಮಿಷ ತಡಿ. ಈ ಹಾಸಿಗೆನ ಮೇಲೆ ಕಳಿಸಿ, ಅದರ ಹಿಂದೆ ಗಂಡಸಿನ ಹಾಗೆ ನಡ್ಕೊಂಡು ಬರ್ತೀನಿ!"

"ಗಂಡಸರು ಕಿಟಕಿಯಿಂದ ಬಂದ ಪ್ಯಾಂಟು ಹಾಕಲ್ವಾ?" ಎಂದಳು. ಇಂಥ ಪ್ರಶ್ನೆಗೆಲ್ಲ ನಾನು ಉತ್ತರ ಕೊಡುವುದಿಲ್ಲ.

ತಿರುಗಿ ನಿಂತೆ. ಬೆನ್ನನ್ನು ಹಾಸಿಗೆಗೆ ಆನಿಸಿ, ಕಾಲನ್ನು ಮೆಟ್ಟಿಲಿಗೆ ಒತ್ತಿ, ಉಸಿರು ಕಟ್ಟಿ ನೂಕಿದೆ. ಅಲುಗಲಿಲ್ಲ. ಇನ್ನೊಮ್ಮೆ ನೂಕಿದೆ. ಇಲ್ಲ. ಸ್ವಲ್ಪ ಸುಧಾರಿಸಿಕೊಳ್ಳೋಣ ಎಂದು ಹಾಗೇ ಒರಗಿದೆ.

ಅಬ್ಬಾ! ಏನು ಸುಖ ಅಂತೀರಿ! ಸೊಂಟಕ್ಕೆ ಎಲ್ಲಿ ಬೇಕೋ ಅಲ್ಲಿ ಆಸರೆ, ಕತ್ತಿಗೆ ಎಷ್ಟು ಬೇಕೋ ಅಷ್ಟು. ಗುಂಡಿಯಿಲ್ಲ, ಮೊಣಕಾಲಿಲ್ಲ. ನಾನು ಆರಿಸಿದ ಹಾಸಿಗೆ! 'ಈ ಮೆಟ್ಟಿಲೊಂದು ಅಡ್ಡ ಬರದಿದ್ದರೆ...' ಎಂದು ಯೋಚಿಸತೊಡಗಿದೆ. ಆ ಯೋಚನೆಯನ್ನು ನಾನು ಮುಗಿಸಲಿಲ್ಲ.

ಮುಂದಿನದೆಲ್ಲ ನನಗೆ ಆಮೇಲೆ ತಿಳಿದದ್ದು.

ಈ ಕಡೆಯಿಂದ ಸದ್ದಿಲ್ಲದ್ದು ನೋಡಿ ಅವಳು ಕೂಗಿದ್ದಾಳೆ. ಉತ್ತರವಿಲ್ಲ. ಹಾಸಿಗೆಗೆ ಕೈಯಿಂದ ಬಡಿದಿದ್ದಾಳೆ. ಆಮೇಲೆ ಲಟ್ಟಣಿಗೆಯಿಂದ. ಅಂಗಡಿಯವನು ಸುಳ್ಳು ಹೇಳುವವನಲ್ಲ, ಆ ಕಡೆ ಗುದ್ದಾಡಿದ್ದು ಈ ಕಡೆ ನನಗೆ ಒಂಚೂರೂ ಗೊತ್ತಾಗಲಿಲ್ಲ! ಗಾಬರಿಯಾಗಿ ಕಿಟಕಿಗೆ ಓಡಿ ಕೆಳಗಿನ ಮನೆಯ ಅಜ್ಜಿಯನ್ನು ಕರೆದಿದ್ದಾಳೆ. "ಅಜ್ಜೀ, ನಮ್ಮನೆಯವ್ರು ಏನ್ಮಾಡ್ತಿದ್ದಾರೆ ನೋಡಿ!"

ಅಜ್ಜಿಗೆ ಕಿವಿ ಮಂದ, ಕನ್ನಡಕ ಹಾಕಿಕೊಳ್ಳುವ ಅಭ್ಯಾಸವೂ ಇಲ್ಲ. ಮೆಟ್ಟಿಲ ಬುಡದಿಂದಲೇ ಇಣುಕಿ ನೋಡಿ ಬಂದು, "ಅಯ್ಯೋ ತಾಯೀ, ಕಣ್ಣು ಮುಚ್ಕೊಂಡು ಬಾಯಿ ತೆರ್ಕೊಂಡು ನಿಂತುಬಿಟ್ಟಿದ್ದಾನೆ! ಕರೆದ್ರೆ ಮಾತಿಲ್ಲ, ಕತೆಯಿಲ್ಲ!" ಎಂದು ಬೀದಿಗೆಲ್ಲ ಕೇಳುವ ಹಾಗೆ ವರದಿ ಒಪ್ಪಿಸಿದ್ದಾರೆ.

ಅಷ್ಟು ಸಾಕಾಯಿತು. ನನ್ನ ಹೆಂಡತಿ ತನ್ನ ದೊಡ್ಡ ಕತ್ತರಿ ಹಿಡಿದು ಬಂದು ಹಾಸಿಗೆಯ ಹೊದಿಕೆಯನ್ನು ಮೇಲಿನಿಂದ ಕೆಳಗೆ ಸೀಳಿದಳು. ಒಳಗಿನ ನಾರಿಗೆ ಕತ್ತರಿ ಸೋತಿತು. ಅಡುಗೆಮನೆಯಿಂದ ಹಲ್ಲಿರುವ ಬ್ರೆಡ್ ಚಾಕು ತಂದು ಕೊಯ್ಯತೊಡಗಿದಳು.

ನಾನು ಆಗ ಕನಸಿನಲ್ಲಿ ಮೈಕಿನ ಮುಂದಿದ್ದೆ. ಎಲ್ಲೋ ಒಂದು ಬಸ್ಸು ಕರ್ರ್, ಕರ್ರ್ ಎಂದು ಬ್ರೇಕು ಹಾಕುತ್ತಿತ್ತು. ಆ ಸದ್ದು ನನ್ನ ಕಿವಿಯ ಹತ್ತಿರ ಹತ್ತಿರ ಬಂತು. ಕಣ್ಣು ಬಿಟ್ಟು, ಗಾಬರಿಯಿಂದ ಪಕ್ಕಕ್ಕೆ ಸರಿದು ತಿರುಗಿ ನೋಡುತ್ತೇನೆ, ಹಾಸಿಗೆ ನಾಟಕದ ಪರದೆಯ ಹಾಗೆ ಎರಡಾಗಿ ಸರಿಯಿತು! ನಡುವೆ ಚಾಕು ಹಿಡಿದು, ಕೂದಲ ತುಂಬ ನಾರು ಮೆತ್ತಿಕೊಂಡು ನನ್ನ ಧರ್ಮಪತ್ನಿ! ನಿದ್ದೆಗಣ್ಣಲ್ಲಿದ್ದ ನಾನು ಮುಗ್ಗರಿಸಿ ಸೀದಾ ಅವಳ ಕಾಲಿಗೇ ಅಡ್ಡಬಿದ್ದೆ.

"ಏನೇ ಇದು? ನನ್ನ ಹೊಸ ಹಾಸಿಗೆ!"

"ಹಾಸಿಗೆಯಂತೆ ಹಾಸಿಗೆ! ನಿಮಗೇನೋ ಆಗಿಹೋಯ್ತು ಅನ್ಕೊಂಡೆ ಕಣ್ರೀ! ಕೈಕಾಲು ಆಡಲಿಲ್ಲ ನಂಗೆ!" ಅವಳ ಕಣ್ಣು ಒದ್ದೆಯಾಗಿತ್ತು. ಬಾಯಿಗೆ ಬಂದ ಬೈಗುಳವನ್ನು ನಾನು ನುಂಗಿಕೊಂಡೆ.

"ಅರ್ಧ ಕೊಯ್ಯೋವಾಗ ಸಂದಿಯಿಂದ ಗೊರಕೆ ಕೇಳಿಸ್ತು," ಎಂದಳು ಮೂಗು ಒರೆಸಿಕೊಂಡು. "ಅರ್ಧ ಭಯಕ್ಕೆ ಕೊಯ್ದೆ. ಇನ್ನರ್ಧ ಸಿಟ್ಟಿಗೆ."

ಆಗ ನನಗೆ ನನ್ನ ಪಾಳಿ ನೆನಪಾಯಿತು. "ಗಂಟೆ ಎಷ್ಟೇ ಈಗ?"

"ಮೂರೂವರೆ."

"ಮೂರೂವರೆ! ಆಫೀಸಿಂದ ಫೋನ್ ಏನಾದ್ರೂ..."

"ಬಂದಿತ್ತು. ನಿಮ್ಮ ಸಾಹೇಬ್ರೇ ಮಾಡಿದ್ರು."

"ಏನು ಹೇಳ್ದೆ? ಜ್ವರ ಅಂದ್ಯಾ? ಹೊಟ್ಟೆನೋವು ಅಂದ್ಯಾ?"

"ಅದೇ ಗಳಿಗೇಲಿ ಗೊರಕೆ ಕೇಳಿಸಿತ್ತಲ್ಲ. ನೀವು ಬದುಕಿದ್ದೀರಿ ಅಂತ ಆದ ಖುಷೀಲಿ ಬಾಯಿಗೆ ಬಂದದ್ದು ಹೇಳ್ಬಿಟ್ಟೆ. 'ಏನೂ ಆಗಿಲ್ಲ ಸಾರ್, ಆರಾಮಾಗಿ ನಿದ್ದೆ ಮಾಡ್ತಿದ್ದಾರೆ!' ಅಂದೆ."

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. "ಅವ್ರೇನಂದ್ರು?"

"'ಎಲ್ಲಿ?' ಅಂತ ಕೇಳಿದ್ರು. 'ಮೆಟ್ಟಿಲ ಮೇಲೆ, ನಿಂತ್ಕೊಂಡು' ಅಂದೆ. ಆಮೇಲೆ, 'ನಾಳೆಯಿಂದ ಲಗೇಜು ರೂಮಿಗೆ ಬರೋಕೆ ಹೇಳಿ, ಅಲ್ಲಿ ಗೋಡೆ ಗಟ್ಟಿ ಇದೆ' ಅಂದ್ರು."

ಹೋಯಿತು! ನಿದ್ದೆ ಕೆಟ್ಟು ಹೋಗಬೇಕಾಗಿದ್ದ ಮೈಕು, ಒಳ್ಳೆಯ ನಿದ್ದೆ ಬಂದು ಹೋಯಿತು! ಸಂಜೆ ಆ ಉದ್ದ ಕುಳ್ಳ ಜೋಡಿ ಹಗ್ಗ ಹೊತ್ತುಕೊಂಡು ಬಂದು, ಎರಡು ಹೋಳುಗಳನ್ನು ನೋಡಿ, ಹಗ್ಗ ಸುತ್ತಿಕೊಂಡು ಮುಸಿಮುಸಿ ನಗುತ್ತಾ ಹೋದರು. ಹೋಳುಗಳನ್ನು ನಾವೇ ಮೇಲೆ ಸಾಗಿಸಿದೆವು. ಒಂದೊಂದೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ತಿರುವಿನಲ್ಲಿ ತಿರುಗಿತು. ಅವಳು ಮೆಷಿನ್ನಿನ ಮುಂದೆ ಕೂತು ಎರಡಕ್ಕೂ ಹೊಸ ಹೊದಿಕೆ ಹೊಲಿದಳು. ಹೊಲಿಯುವ ಮೊದಲು ಅಳತೆ ತೆಗೆದುಕೊಂಡಳು, ನನಗೆ ಕಾಣಲಿ ಎಂದು ಟೇಪನ್ನು ಸ್ವಲ್ಪ ಜೋರಾಗಿಯೇ ಝಾಡಿಸಿದಳು.

ಎರಡನ್ನೂ ಮಂಚದ ಮೇಲೆ ಅಕ್ಕಪಕ್ಕ ಹಾಸಿದೆವು. ಆ ಹೋಳು ಅವಳಿಗೆ, ಈ ಹೋಳು ನನಗೆ. ಪರೀಕ್ಷೆಗೆಂದು ಇಬ್ಬರೂ ಮರ್ಯಾದೆಯಿಂದ ಮಲಗಿದೆವು. ನಾನು ಅವಳ ಕಡೆ ಹೊರಳಿದೆ, ಅವಳು ನನ್ನ ಕಡೆ ಹೊರಳಿದಳು. ಹೋಳುಗಳು ಮೆಲ್ಲಗೆ ಆಚೀಚೆ ಸರಿದವು, ಇಬ್ಬರೂ ದಬಕ್ಕನೆ ನಡುವಿನ ಸಂದಿಯಲ್ಲಿ! ನನ್ನ ಮೊಣಕೈ ಅವಳ ಪಕ್ಕೆಯಲ್ಲಿ, ಅವಳ ಮೊಣಕಾಲು ನನ್ನ ಸೊಂಟದಲ್ಲಿ.

ಅವಳು ಹೇಳಿದಳು, "ಆ ಹಳೇ ಹಾಸಿಗೇಲಿ ಗುಂಡಿ ಬೀಳೋಕೆ ವರ್ಷಗಟ್ಟಲೆ ಹಿಡೀತು ಕಣ್ರೀ. ನೀವು ಒಂದೇ ದಿನಕ್ಕೆ ತಂದುಕೊಟ್ರಿ!"

ತಕ್ಕ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಏನು ಮಾಡಲಿ, ನನ್ನ ಮಾತಿಗೆ ಜನ ಓಡುತ್ತಿದ್ದದ್ದು ಮೈಕು ಇದ್ದಾಗ ಮಾತ್ರ!