ನಾನು ಬರೆದ ಆ ಎರಡು ಅರ್ಜಿಗಳು

ಕೆಲವರಿಗೆ ನಶ್ಯ ಏರಿಸದಿದ್ದರೆ ಬೆಳಗಾಗುವುದಿಲ್ಲ. ನನಗೆ ಅರ್ಜಿ ಬರೆಯದಿದ್ದರೆ. ಎಪ್ಪತ್ತರ ದಶಕದಲ್ಲಿ ನಾನು ಮದ್ದೂರಿನಲ್ಲಿ ಮೇಷ್ಟರಾಗಿದ್ದಾಗ, ನಲ್ಲಿ ನಿಂತರೂ ಬೀದಿದೀಪ ಕೆಟ್ಟರೂ ನಮ್ಮ ಬೀದಿಯವರು ನೇರವಾಗಿ ನನ್ನ ಮನೆಗೇ ಬರುತ್ತಿದ್ದರು. ಬೆಸಗರಹಳ್ಳಿ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಲಿ ಎಂದು ಬರೆದದ್ದಂತೂ ನಾಲ್ಕು ಪುಟ ದಾಟಿತ್ತು. ಬಸ್ಸು ಸುಧಾರಿಸಲಿಲ್ಲ, ನನ್ನ ಕೈಬರಹ ಸುಧಾರಿಸಿತು.

ಇಂಥ ನನಗೆ ನನ್ನ ಮನೆಗಾಗಿಯೇ ಒಂದು ಅರ್ಜಿ ಬರೆಯುವ ಯೋಗ ಬಂತು. ನನ್ನ ಹೆಂಡತಿ ಜಾನಕಿ ನಡುಮನೆಯಲ್ಲಿ ಹಿಟ್ಟಿನ ಮಿಲ್ಲು ಹಾಕುತ್ತೇನೆಂದು ಹಟ ಹಿಡಿದಳು. ಮದುವೆಯಾದಾಗಿನಿಂದ ರಾಗಿ ಡಬ್ಬ ಹೊತ್ತು ಪೇಟೆ ಬೀದಿಗೆ ಅಲೆದು ಅವಳಿಗೆ ಸಾಕಾಗಿತ್ತು. ನನಗೂ ಸಂಭ್ರಮವೋ ಸಂಭ್ರಮ! ಮೋಟಾರು ಸಮೇತ ಮಿಲ್ಲು ಮಂಡ್ಯದಿಂದ ಲಾರಿಯಲ್ಲಿ ಬಂದ ದಿನ ಶಾಲೆಗೆ ರಜೆ ಹಾಕಿ, ಅದಕ್ಕೆ ಕುಂಕುಮ ಇಟ್ಟು, ಬೀದಿಗೆಲ್ಲ ಸಿಹಿ ಹಂಚಿದೆ. ಉಳಿದದ್ದು ಪುರಸಭೆಯ ಲೈಸೆನ್ಸು ಮಾತ್ರ. ಮನೆಯಲ್ಲಿ ಮೋಟಾರು ಓಡಿಸಲು ಅಕ್ಕಪಕ್ಕದವರ ಒಪ್ಪಿಗೆ ಬೇಕಂತೆ. ಅದೇನು ಮಹಾ! ಆರು ಪುಟ ಗೀಚಿ ಮನೆಮನೆ ಸುತ್ತಿದೆ. ಎಲ್ಲರೂ ಸಹಿ ಹಾಕಿದರು. ಪಕ್ಕದ ಮನೆಯ ಮೆಕ್ಯಾನಿಕ್ ಖಾದರ್ ಸಾಹೇಬರು ಮಾತ್ರ ಎರಡು ಸಲ ಓದಿ, ನನ್ನ ಮುಖ ನೋಡಿ, ಮೀಸೆಯಲ್ಲೇ ನಕ್ಕು ಸಹಿ ಮಾಡಿದರು. ನನ್ನ ಭಾಷೆ ಹಿಡಿಸಿತೆಂದು ನಾನು ಉಬ್ಬಿದೆ.

ಪುರಸಭೆಯ ಗುಮಾಸ್ತರು ಕೆರಗೋಡಿನ ಕಡೆಯವರು. ಅರ್ಜಿ ನೋಡಿ, ಬೀರುವಿನಿಂದ ಹಳೆಯ ಫೈಲೊಂದನ್ನು ತೆಗೆದರು.

“ನಿಮ್ ಬೀದಿ ವಾಸದ ಮನೆಗಳ ಬೀದಿ ಅಂತ ಆಗೋಗದೆ ಮೇಷ್ಟ್ರೇ. ಮೋಟಾರಿಗೆ ಲೈಸನ್ಸು ಕೊಡಕಾಗಾಕಿಲ್ಲ.”

ಹಾಗೆ ಮಾಡಿಸಿದ ಮಹಾನುಭಾವ ಯಾರು ಎಂದು ರೇಗಿದೆ. ಅವರು ಫೈಲನ್ನು ನನ್ನತ್ತ ತಿರುಗಿಸಿದರು. ಕೆಲವು ವರ್ಷಗಳ ಹಿಂದೆ ಖಾದರ್ ಸಾಹೇಬರು ಮನೆಯಲ್ಲಿ ಕಬ್ಬಿಣ ಕಡೆಯುವ ಲೇತು ಯಂತ್ರ ಹಾಕಲು ಹೊರಟಾಗ ಬೀದಿಯವರು ಸಲ್ಲಿಸಿದ ತಕರಾರು ಅದು. ‘ಗೃಹಸ್ಥರು ವಾಸಿಸುವ ಈ ಬೀದಿಯಲ್ಲಿ ಯಾವುದೇ ಯಂತ್ರದ ಸದ್ದು ಎಂದೆಂದಿಗೂ ಕೇಳಕೂಡದು.’ ದುಂಡನೆಯ ಅಕ್ಷರ, ಕೆಂಪು ಶಾಯಿಯ ಅಡಿಗೆರೆ, ಕೆಳಗೆ ಅದೇ ಜನರ ಅದೇ ಸಹಿಗಳು. ಬರೆದವನು ನಾನೇ! ಬರೆದುಕೊಟ್ಟ ಮರುದಿನವೇ ಮರೆಯುವುದು ನನ್ನ ಅಭ್ಯಾಸ.

“ಇದನ್ನ ಓದೇ ಅವತ್ತು ಸಾಹೇಬ್ರಿಗೆ ಇಲ್ಲ ಅಂದಿದ್ದು. ಈಗ ನಿಮಗೆ ಎಂಗೆ ಊಂ ಅನ್ನದು?”

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸಾಹೇಬರ ನಗು ಆಗ ಅರ್ಥವಾಯಿತು.

ವಿಷಯ ತಿಳಿದು ಜಾನಕಿ ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ನೇರವಾಗಿ ಸಾಹೇಬರ ಮನೆಗೆ ಹೋದಳು. ಅವರು ಪೇಟೆ ಬೀದಿಯಲ್ಲಿ ಲೇತು ಹಾಕಿಕೊಂಡಿದ್ದ ಷೆಡ್ಡಿನಲ್ಲಿ ಅರ್ಧ ಜಾಗ ಖಾಲಿಯಿತ್ತು. “ಮೇಷ್ಟ್ರು ಲೇತ್ನ ಬೀದಿಯಿಂದ ಓಡ್ಸಿದ್ಕೇ ಅಲ್ವ ನಂಗೆ ಆ ಸೆಡ್ಡು ಸಿಕ್ಕಿದ್ದು? ಮಿಲ್ಲು ಅಲ್ಲೇ ಆಕ್ಕೊಳಿ ಕಣಮ್ಮ,” ಎಂದರಂತೆ.

ಮಿಲ್ಲು ಭರ್ಜರಿಯಾಗಿ ನಡೆಯಿತು. ಜಾನಕಿ ಬೆಳಗಾದರೆ ಅಲ್ಲಿಗೆ ಹೊರಟುಬಿಡುತ್ತಿದ್ದಳು. ಮನೆಯ ರಾಗಿ ಡಬ್ಬ ಹೊರುವ ಕೆಲಸ ನನ್ನ ಹೆಗಲಿಗೆ ಬಂತು. ಒಂದು ಭಾನುವಾರ ಮಿಲ್ಲಿನ ಮುಂದೆ ಉದ್ದ ಸಾಲು. ಮನೆಯವನಲ್ಲವೇ, ನನ್ನದನ್ನು ಮೊದಲು ಬೀಸಿಕೊಡು ಎಂದು ಮೆಲ್ಲಗೆ ಕೇಳಿದೆ.

ಜಾನಕಿ ತಲೆಯೆತ್ತದೆ ಹೇಳಿದಳು: “ಬರೆದು ಕೊಡಿ, ನೋಡೋಣ.”