ಬಾಗಿಲ ಮೇಲಿನ ಹೆಸರು

ನನ್ನ ಅಣ್ಣ ಸತ್ತವರಿಂದ ಕೆಲಸ ಮಾಡಿಸುತ್ತಾನೆ. ನಗಬೇಡಿ! ಅವನು ಮಾಟಗಾರನಲ್ಲ. ಪರ್ಕಳದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುಳಿತು ಮಣಿಪಾಲ, ಕಾರ್ಕಳದ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವವನು. ನಾನೋ ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೆಜಮಾಡಿಯಲ್ಲಿ ಮೀನಿನ ವ್ಯಾಪಾರಕ್ಕೆ ಇಳಿದವನು. ನನಗೆ ತಿಳಿಯುವಂತೆ ಅವನು ಹೇಳಿದ್ದು ಇಷ್ಟು:

"ಎದುರಿಗೆ ಒಬ್ಬ ಸರ್ವರ್ ಉಂಟು. ಬಂದವರನ್ನು ವಿಚಾರಿಸುವುದು ಮಾತ್ರ ಅವನ ಕೆಲಸ. ಪುಟ ತಯಾರಿಸುವ ಪಿಎಚ್‌ಪಿಯ ದುಡಿಮೆಯೆಲ್ಲ ಒಳಗೆ, ಬೇರೆ ಬೇರೆ ಕೋಣೆಗಳಲ್ಲಿ. ಒಂದು ಸೈಟಿಗೆ ಒಂದು ಕೋಣೆ, ಕೋಣೆಗೊಂದು ಹೆಸರು. ಕೋಣೆಯಲ್ಲಿ ದುಡಿಯುವವರನ್ನು ಮಕ್ಕಳು ಅಂತೇವೆ, ನಿಲ್ಲಿಸುವುದಕ್ಕೆ ಕೊಲ್ಲುವುದು ಅಂತೇವೆ. ಎದುರಿನವನು ಆ ಹೆಸರಿನ ಬಾಗಿಲು ತಟ್ಟುತ್ತಾನೆ. ಒಳಗಿನಿಂದ ಉತ್ತರ ಬರದಿದ್ದರೆ ಮುಗಿಯಿತು! ಪರದೆಯ ಮೇಲೆ ಐನೂರ ಎರಡು, ಬ್ಯಾಡ್ ಗೇಟ್‌ವೇ."

ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ತೆರೆಯುವ ಮೊದಲು ತಟ್ಟುತ್ತೇವೆ. ಅಣ್ಣನಿಗೆ ಎರಡೂ ಒಂದೇ ಎನಿಸಿತೋ ಏನೋ, ಕೋಣೆಗಳಿಗೆಲ್ಲ ನಮ್ಮ ಮನೆಯ ಸತ್ತವರ ಹೆಸರನ್ನೇ ಇಟ್ಟ!

"ಬದುಕಿದವರ ಹೆಸರು ಇಟ್ಟರೆ ತಕರಾರು ಬರ್ತದೆ, ಮಾರಾಯ" ಎಂದ.

ಕಾಪುವಿನಲ್ಲಿ ಒಂದು ಮದುವೆಯ ಊಟಕ್ಕೆ ಕುಳಿತಿದ್ದೆವು. ಅಣ್ಣನಿಗೆ ಸರ್ವರ್ ಇಟ್ಟ ಕಂಪನಿಯವರ ಫೋನ್ ಬಂತು. "ಎಂತ, ಅಜ್ಜ ಮಾತಾಡುವುದಿಲ್ಲವಾ? ಚಿಕ್ಕಮ್ಮನ ಮಕ್ಕಳು ಜಾಸ್ತಿ ಆಗಿರಬೇಕು, ಮೆಮೊರಿ ಎಲ್ಲ ಅವರೇ ತಿಂದಿದ್ದಾರೆ. ನಾಲ್ಕು ಮಕ್ಕಳನ್ನು ಕೊಲ್ಲಿ. ಅಜ್ಜನನ್ನೂ ಕೊಂದು ಎಬ್ಬಿಸಿ!" ಎಂದು ಗಟ್ಟಿಯಾಗಿ ಹೇಳಿದ. ಪಕ್ಕದ ಎಲೆಯ ಸೋದರತ್ತೆಯ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

"ಮಕ್ಕಳಿಲ್ಲದೆ ಸತ್ತವಳಿಗೆ ಈಗ ಮಕ್ಕಳಾ? ನನ್ನ ಅಪ್ಪನಿಗೆ ಒಮ್ಮೆ ಸತ್ತದ್ದು ಸಾಕಾಗಲಿಲ್ಲವಾ ಮಗಾ?"

ಒಂದು ಮಧ್ಯಾಹ್ನ ಅವನ ಕೋಣೆಗೆ ಹೋದೆ. ಕಪ್ಪು ಪರದೆಯ ಮೇಲೆ ಅಜ್ಜ, ದೊಡ್ಡಪ್ಪ, ಚಿಕ್ಕಮ್ಮ ಸಾಲಾಗಿ ನಿಂತಿದ್ದರು. ಕಾರ್ಕಳದಲ್ಲಿ ಯಾರೋ ಅಂಗಡಿಯ ಪುಟ ತೆರೆದರೆಂದು ಕಾಣುತ್ತದೆ, ಅಜ್ಜನ ಹೆಸರು ಸರಕ್ಕನೆ ಮೇಲೆ ಬಂದು, ಕೆಲಸ ಮುಗಿಸಿ ಮತ್ತೆ ಕೆಳಗೆ ಹೋಯಿತು. ಪರದೆಯ ಹತ್ತಿರ ಬಗ್ಗಿದೆ. ಸಾಲಿನ ಕೊನೆಯ ಹೆಸರು ಓದಿದೆ. ಅದು ನನ್ನದು.

"ನಾನು ಯಾವಾಗ ಸತ್ತೆ?"

"ನಿನ್ನ ಮೀನು ಮಾರಲಿಕ್ಕೆ ನಾನು ಮಾಡಿಕೊಟ್ಟ ಪುಟ ಅಲ್ವಾ ಅದು! ನೀನು ತಕರಾರು ಮಾಡಲಿಕ್ಕಿಲ್ಲ ಅಂತ ಎಣಿಸಿದೆ."

ಮಾಡಿದೆ. ಬಾಯಿಗೆ ಬಂದಂತೆ ಬೈದೆ. "ಹೆಣಗಳ ಜೊತೆ ನೀನೇ ಇರು, ನನ್ನ ಹೆಸರು ತೆಗಿ" ಎಂದೆ. ಅವನು ಏನೋ ಒತ್ತಿದ. ಸಾಲಿನಿಂದ ನಾನು ಮಾಯ.

ಮರುದಿನವೇ ಮಣಿಪಾಲದ ಗಿರಾಕಿಗಳ ಫೋನ್: "ನಿಮ್ಮ ಮೀನು ತೆರೆಯುವುದಿಲ್ಲ, ಐನೂರ ಎರಡು ಅಂತ ಬರ್ತದೆ." ಅಣ್ಣನೂ ಫೋನ್ ಮಾಡಿದ. ನಾನು ಎತ್ತಲಿಲ್ಲ. ಮತ್ತೆ ಮಾಡಿದ. ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಮೊಬೈಲ್ ನಡುಗುತ್ತಿದ್ದುದನ್ನು ನೋಡುತ್ತಾ ನಿಂತೆ, ಎತ್ತಲಿಲ್ಲ. ಕೆಲವು ದಿನಗಳ ನಂತರ ಅದು ನಡುಗುವುದೂ ನಿಂತಿತು. ಆಗ ನಡುಕ ನನಗೆ ಹಿಡಿಯಿತು. ನಾನೇ ಫೋನ್ ಮಾಡಿದರೆ ಸ್ವಿಚ್ ಆಫ್.

ಮೀನನ್ನು ಹಾಗೆಯೇ ಬಿಟ್ಟು ಪರ್ಕಳಕ್ಕೆ ಓಡಿದೆ. ಅಣ್ಣನ ಬಾಗಿಲು ಮುಚ್ಚಿತ್ತು. ಹೊರಗೆ ಅವನ ಚಪ್ಪಲಿ ಇತ್ತು. ತಟ್ಟಿದೆ. ಒಳಗಿನಿಂದ ಉತ್ತರವಿಲ್ಲ. ಸತ್ತವರ ಬಾಗಿಲನ್ನು ಎಷ್ಟೋ ಸಲ ತಟ್ಟಿದ ಕೈ ಇದು. ಆಗೆಲ್ಲ ಒಳಗಿನಿಂದ ಉತ್ತರ ಬಂದೀತೆಂದು ಹೆದರುತ್ತಿದ್ದೆ. ಈಗ?

"ಅಣ್ಣಾ!"

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಜ್ವರದಲ್ಲಿ ಬೆಂದು ಅರ್ಧ ಆಗಿದ್ದ. ಗೋಡೆ ಹಿಡಿದು ನಿಂತು, "ಗಂಜಿ ತಂದುಕೊಡ್ತೀಯಾ ಅಂತ ಕೇಳಲಿಕ್ಕೆ ಫೋನ್ ಮಾಡಿದ್ದೆ" ಎಂದ.

ಅವನನ್ನು ಹಿಡಿದು ಚಾಪೆಯ ಮೇಲೆ ಕೂರಿಸಿದೆ. ಕೇಳಬಾರದ್ದನ್ನೇ ಕೇಳಿದೆ: "ನನ್ನ ಪುಟ ಯಾಕೆ ಸರಿ ಮಾಡಲಿಲ್ಲ?"

"ನೀನು ಹೇಳಿದ ಹಾಗೆ ಒಳಗಿನ ಹೆಸರು ತೆಗೆದೆ. ಎದುರಿನ ಸರ್ವರ್ ಹತ್ತಿರ ಇದ್ದ ಹೆಸರು ತೆಗೆಯಲಿಕ್ಕೆ ಕೈ ಬರಲಿಲ್ಲ. ಅವನು ಈಗಲೂ ನಿನ್ನ ಬಾಗಿಲನ್ನೇ ತಟ್ಟುತ್ತಿದ್ದಾನೆ."

ಗಂಜಿ ಕುಡಿಸಿದೆ. ಆಮೇಲೆ ಹೇಳಿದೆ, "ಅಣ್ಣ, ನನ್ನನ್ನು ಒಳಗೆ ಹಾಕು. ಅಜ್ಜನ ಪಕ್ಕದಲ್ಲೇ ಆದರೂ ಆಗಬಹುದು."