ಕಂಪ್ಯೂಟರಿನ ನೆತ್ತಿಗೆ ಬಾಚಣಿಗೆ

ಎಲ್ಲವನ್ನೂ ಬರೆದಿಡುವವರ ಮನೆಯಲ್ಲೇ ಬರೆದಿಡಬೇಕಾದಂಥ ಪ್ರಸಂಗಗಳು ಹೆಚ್ಚು ನಡೆಯುತ್ತವೆ. ಇದು ನನ್ನ ಅನುಭವ. ಕೊಳ್ಳೇಗಾಲದ ಈ ಮನೆಗೆ ಸೊಸೆಯಾಗಿ ಬಂದಾಗ ಬಿ.ಎಸ್ಸಿ. ಮುಗಿಸಿದ್ದ ಹೆಣ್ಣು ಇಡೀ ಬೀದಿಗೆ ನಾನೊಬ್ಬಳೇ. ಅಂದಿನಿಂದ ಮಕ್ಕಳು ಹುಟ್ಟಿದ ಗಳಿಗೆ, ಹಸು ಕರು ಹಾಕಿದ ದಿನ, ಹಿತ್ತಲಲ್ಲಿ ತೆಂಗಿನ ಸಸಿ ನೆಟ್ಟ ದಿನ, ಎಲ್ಲಕ್ಕೂ ನನ್ನಲ್ಲಿ ದಾಖಲೆ ಇದೆ. ಈಗ ಮೂರು ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ನಮ್ಮ ವಂಶದ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಆರು ತಲೆಮಾರು ಭರ್ತಿಯಾಗಿದ್ದವು. ಒಂದೇ ಒಂದು ಹೆಸರಿನ ಜಾಗ ಮಾತ್ರ ಖಾಲಿ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಸಿಕ್ಕಿಕೊಂಡ ಹಾಗಾಗುತ್ತಿತ್ತು.

ಮೂರು ಸಾಲು

ನನ್ನ ಕಂಪ್ಯೂಟರಿನ ಪರದೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ ಇದೆ. ಕನ್ನಡ ಟೈಪಿಂಗ್, ಪಂಚಾಂಗ, ಹವಾಮಾನ, ಧ್ವನಿ ರೆಕಾರ್ಡ್, ವೈಫೈ ಹೀಗೆ ಒಂದೊಂದಕ್ಕೂ ಒಂದು ಪುಟಾಣಿ ಚಿತ್ರ. ನಾನು ಹಾಕಿಕೊಂಡಷ್ಟೂ ಅವು ಸೇರುತ್ತಾ ಸೇರುತ್ತಾ ಸಂತೆ ದಿನದ ಬಸ್ ಸ್ಟ್ಯಾಂಡಿನಂತಾಯಿತು. ಒಂದನ್ನು ಒತ್ತಿದರೆ ಪಕ್ಕದ್ದು ಎದ್ದು ಬರುತ್ತಿತ್ತು. ಇವನ್ನು ಅಚ್ಚುಕಟ್ಟು ಮಾಡುವುದಕ್ಕೆಂದೇ ಒಂದು ಆ್ಯಪ್ ಇದೆಯೆಂದು ತಿಳಿದು ಹಾಕಿಕೊಂಡೆ. ಯಾರ ಸಹಾಯವೂ ಇಲ್ಲದೆ ಹಾಕಿಕೊಂಡೆ ಎಂಬುದನ್ನು ದಾಖಲಿಸಿಯೇ ಮುಂದೆ ಹೋಗುತ್ತೇನೆ.

ಆ ಆ್ಯಪಿನಲ್ಲಿ ಮೂರು ಸಾಲು. ಸದಾ ಕಣ್ಣಮುಂದೆ ಇರುವವು ಮೊದಲನೆಯದು. ಒಳಗೆ ಅಡಗಿದ್ದು ಕರೆದಾಗ ಬರುವವು ಎರಡನೆಯದು. ಎಂದೂ ಮುಖ ತೋರಿಸದವು ಮೂರನೆಯದು. ಇದನ್ನು ನಮ್ಮ ಯಜಮಾನರಿಗೆ ವಿವರಿಸಿದೆ. ಅವರು ಪೇಪರಿನಿಂದ ತಲೆ ಎತ್ತಿ, "ನನ್ನನ್ನ ಯಾವ ಸಾಲಿಗೆ ಹಾಕಿದ್ದೀಯ?" ಎಂದರು.

"ಎರಡನೆಯದಕ್ಕೆ. ಕರೆದಾಗ ಬರೋರು."

"ಆಗಲಿ. ಊಟಕ್ಕೆ ಕರೆಯೋದು ಮರೀಬೇಡ" ಎಂದು ಮತ್ತೆ ಪೇಪರಿನೊಳಗೆ ಹೋದರು.

ಲೈನಿನವರು ಬಂದದ್ದು

ಅಚ್ಚುಕಟ್ಟಿನ ರುಚಿ ಹತ್ತಿದ ಮೇಲೆ ಕೈ ನಿಲ್ಲಲಿಲ್ಲ. ವೈಫೈ ಚಿತ್ರವನ್ನೂ ಒಳಗೆ ತಳ್ಳಿದೆ. ಅದೇ ದಿನ ಇಂಟರ್‌ನೆಟ್ ನಿಂತುಹೋಯಿತು. ಲೈನಿನವರಿಗೆ ಫೋನ್ ಮಾಡಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಆತ ಏಣಿ ಹೊತ್ತು ಬಂದ. ತಾರಸಿ ಹತ್ತಿದ, ಕಂಬ ಹತ್ತಿದ, ವೈರು ಕತ್ತರಿಸಿ ಹೊಸದಾಗಿ ಜೋಡಿಸಿದ. ಮಧ್ಯಾಹ್ನವಾಯಿತು. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಕಂಪ್ಯೂಟರಿನ ಮುಂದೆ ಕೂತ.

"ಅವ್ವಾ, ವೈಫೈದು ಚಿತ್ರ ಎಲ್ಲವ್ವಾ?"

"ದಿನಾ ಬೇಕಾಗಲ್ಲ ಅಂತ ಒಳಗೆ ಇಟ್ಟಿದ್ದೀನಪ್ಪ."

ಅಡಗಿದ್ದ ಸಾಲನ್ನು ಹೊರಗೆಳೆದ. ವೈಫೈ ಆಫ್ ಆಗಿತ್ತು. ಜೋಡಿಸುವ ಭರದಲ್ಲಿ ನಾನೇ ಆರಿಸಿದ್ದೆ. ಆತ ಏಣಿ ಎತ್ತಿಕೊಂಡು, "ಮುಂದ್ಕೆ ಇಂಟರ್‌ನೆಟ್ ಓಯ್ತು ಅಂತ ಬೈಯೋಕೆ ಮುಂಚೆ, ಎಲ್ಲಿ ಮಡಗಿದೀವಿ ಅಂತ ಒಸಿ ನೋಡ್ಕಬುಡಿ ಅವ್ವಾ" ಎಂದು ಹೊರಟ.

ನಾನು ಪುಸ್ತಕ ತೆಗೆದು ಬರೆದೆ: ಇಂಟರ್‌ನೆಟ್ ನಿಂತದ್ದಕ್ಕೆ ಕಾರಣ, ತಾಂತ್ರಿಕ ದೋಷ.

ಹಿಂದೆ ನಿಂತು ಓದುತ್ತಿದ್ದ ಯಜಮಾನರು, "ದೋಷದ ವಿದ್ಯಾರ್ಹತೆ ಬಿ.ಎಸ್ಸಿ. ಅಂತಾನೂ ಬರ್ಕೊ" ಎಂದರು.

ಖಾಲಿ ಜಾಗ

ಪಟ್ಟಿಯಲ್ಲಿ ಖಾಲಿ ಉಳಿದಿದ್ದದ್ದು ನಮ್ಮ ಮಾವನವರ ಹಿರಿಯಣ್ಣನ ಹೆಸರು. ಚಿಕ್ಕಂದಿನಲ್ಲೇ ಹನೂರಿನ ಕಡೆ ಹೋಗಿ ನೆಲೆಸಿದ್ದವರು, ಮಕ್ಕಳಿಲ್ಲ. ಎಲ್ಲರ ಬಾಯಲ್ಲೂ ಬರೀ 'ಹನೂರು ದೊಡ್ಡಯ್ಯ'. ಇಟ್ಟ ಹೆಸರು ಗೊತ್ತಿರುವವರು ಇಡೀ ವಂಶದಲ್ಲಿ ಒಬ್ಬರೇ, ಯಳಂದೂರಿನ ನಮ್ಮ ದೊಡ್ಡತ್ತೆ. ದೊಡ್ಡಯ್ಯನವರ ತಮ್ಮನ ಹೆಂಡತಿ. ತೊಂಬತ್ತರ ಹತ್ತಿರದ ಜೀವ.

ಕಂಪ್ಯೂಟರ್ ಮಡಚಿ ಚೀಲಕ್ಕೆ ಹಾಕಿಕೊಂಡು ಯಳಂದೂರಿಗೆ ಹೋದೆ. ಚಾಪೆಯ ಮೇಲಿಟ್ಟು, ಅವರ ಮಾತು ಹಿಡಿದಿಡಲು ರೆಕಾರ್ಡ್ ಹಚ್ಚಿದೆ. ಸೀಮೆಯವರ ಹೆಸರನ್ನೆಲ್ಲ ನೀರು ಕುಡಿದಂತೆ ಹೇಳಿದರು. ದೊಡ್ಡಯ್ಯನ ಹೆಸರಿಗೆ ಬಂದಾಗ ಬಾಯಿ ಬಿಗಿದುಕೊಂಡರು.

"ಬಾವನೋರ ಎಸ್ರ ಬಾಯಲ್ಲಿ ತಂದಾರಾ? ಓದ್ಕಂಡು ಬಂದೋಳು, ಅಷ್ಟೂ ಗೊತ್ತಾಗಕಿಲ್ವಾ?"

"ಅವರು ಹೋಗಿ ಎಷ್ಟು ಕಾಲವಾಯಿತು ಅತ್ತೆ!"

"ಓದ್ರೆ? ಬಾವ ಅಲ್ಲ ಅಂತ ಆಗೋಯ್ತಾ?"

ಕಿವಿಯಲ್ಲಿ ಹೇಳಿ ಎಂದೆ, ಚೀಟಿಯಲ್ಲಿ ಗೀಚಿ ಎಂದೆ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಇವರು ಹೇಳದೆ ಹೋದರೆ ಆ ಮನುಷ್ಯ ಹೆಸರಿಲ್ಲದೆಯೇ ಉಳಿದುಹೋಗುತ್ತಾನೆ ಎಂದು ನನಗೆ ನಿಜವಾಗಿ ಸಂಕಟವಾಯಿತು. ರೆಕಾರ್ಡ್ ನಿಲ್ಲಿಸಿ, ಕಾಫಿ ಮಾಡಲು ಒಳಗೆ ಹೋದೆ.

ನಿಲ್ಲಿಸಿದೆ ಎಂದುಕೊಂಡೆ, ಅಷ್ಟೇ. ರೆಕಾರ್ಡ್ ಆಗುತ್ತಿದೆ ಎಂದು ತೋರಿಸುವ ಕೆಂಪು ಚುಕ್ಕಿಯನ್ನು ಹಿಂದಿನ ವಾರವೇ ನಾನು ಒಳಗಿನ ಸಾಲಿಗೆ ತಳ್ಳಿದ್ದೆ. ನಾನು ಒತ್ತಿದ್ದು ಬೇರೇನೋ.

ಊರಿಗೆ ಬಂದು ಹಾಕಿ ಕೇಳಿದರೆ, ನನ್ನ ಹೆಜ್ಜೆ ಅಡುಗೆಮನೆ ಸೇರಿದ ಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲನೆಯ ದನಿ: "ಗುರುಮಲ್ಲಪ್ಪ." ಇನ್ನಷ್ಟು ಮೆಲ್ಲಗೆ, "ಗುರುಮಲ್ಲಪ್ಪ." ಆಮೇಲೆ ಹದಿನಾರು ವರ್ಷದ ಹುಡುಗಿಯ ಹಾಗೆ ಕಿಸಕ್ಕನೆ ನಗು. "ಎಪ್ಪತ್ತು ವರ್ಸ ಆಯ್ತು, ನಾಲ್ಗೆ ಏನೂ ಬಿದ್ದೋಗ್ನಿಲ್ವಲ್ಲ!"

ನನಗೆ ಕಣ್ಣು ತುಂಬಿತು, ನಗುವೂ ಬಂತು. ಆದರೆ ಅವರಿಗೆ ಗೊತ್ತಿಲ್ಲದೆ ಸಿಕ್ಕಿದ್ದನ್ನು ಹಾಗೇ ಬರೆದುಕೊಳ್ಳುವುದು ನನ್ನ ಕ್ರಮವಲ್ಲ. ಮರುವಾರ ಮತ್ತೆ ಹೋದೆ. ಅದೇ ಚಾಪೆ, ಅದೇ ಕಂಪ್ಯೂಟರ್. ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಖಾಲಿ ಜಾಗ ಬಂದಾಗ ಆ ಹೆಸರನ್ನೂ ಹೇಳಿದೆ.

ದೊಡ್ಡತ್ತೆ ಸೆಟೆದು ಕೂತರು. "ಯಾರವ್ವಾ ಯೇಳಿದ್ದು ನಿಂಗೆ?"

ಸುಳ್ಳಾಡಲಿಲ್ಲ. "ಕಂಪ್ಯೂಟರ್ ಹೇಳಿತು ಅತ್ತೆ. ಬರ್ಕೊಳ್ಳಲಾ?"

ಅವರು ಅದನ್ನು ಬಹಳ ಹೊತ್ತು ದಿಟ್ಟಿಸಿದರು.

"ಇದು ಗಂಡ್ಸಾ, ಎಂಗ್ಸಾ?"

ಯಾವ ಉತ್ತರಕ್ಕೆ ಹೆಸರು ದಕ್ಕುತ್ತದೆ ಎಂದು ಅರೆಗಳಿಗೆ ಯೋಚಿಸಿ, "ಗಂಡಸು ಅತ್ತೆ" ಎಂದೆ.

"ಅಂಗಾರೆ ಯೇಳ್ಬೋದು ಬುಡು. ಗಂಡಸ್ರು ಗಂಡಸ್ರ ಎಸ್ರ ಯೇಳಿದ್ರೆ ತಪ್ಪಿಲ್ಲ. ಬರ್ಕೊ."

ಆರು ತಲೆಮಾರೂ ತುಂಬಿದವು. ನಾನು ಆ ಹೆಸರನ್ನು ಅಕ್ಷರ ಅಕ್ಷರವಾಗಿ ಕುಟ್ಟುತ್ತಿದ್ದಾಗ ಪಕ್ಕದಲ್ಲಿ ಬಳೆ ಸದ್ದಾಯಿತು. ತಿರುಗಿದರೆ ದೊಡ್ಡತ್ತೆ ಗಡಿಬಿಡಿಯಿಂದ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಾರೆ.

"ಗಂಡಸು ಅಂತ ಮೊದ್ಲೇ ಯೇಳ್ಬಾರ್ದಾ ನೀನು? ಓದ್ವಾರದಿಂದ ಅದರ ಮುಂದೆ ಕಾಲು ಚಾಚ್ಕಂಡು ಕೂತಿವ್ನಿ!"